ಆನೆ ಬಂದಿತ್ತು ಟೀಚರ್

ಕೊಡಗಿನ ಸಿದ್ದಾಪುರದ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುತ್ತೇನೆ. ನಲಿ-ಕಲಿ ಕ್ಲಾಸು, ಮೂರೂ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಹೆಚ್ಚಿನ ಮಕ್ಕಳು ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೆಲಸದವರ ಸಾಲುಮನೆಗಳಿಂದ ಬರುವವರು. ತಡವಾಗಿ ಬಂದವರನ್ನು ಯಾಕೆ ಅಂತ ಕೇಳಿದರೆ "ದಾರೀಲಿ ಆನೆ ಇತ್ತು ಟೀಚರ್" ಅನ್ನುವುದು ಮಾಮೂಲು. ಎಷ್ಟೋ ಸಲ ಅದು ನಿಜವೇ. ತೋಟದೊಳಗೆ ಆನೆ ಇದೆ ಅಂತ ಗೊತ್ತಾದರೆ ದೊಡ್ಡವರೂ ಅತ್ತ ಹೆಜ್ಜೆ ಇಡುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತು. ಎರಡನೇ ಕ್ಲಾಸಿನ ಒಬ್ಬ ಹುಡುಗ ಜನವರಿಯ ಒಂದೇ ವಾರದಲ್ಲಿ ಮೂರು ದಿನ ಇದೇ ಮಾತು ಹೇಳಿದ. ಮೂರನೇ ದಿನ ಅವನ ಕೈ ನೋಡಿದೆ. ಬೆರಳ ತುದಿ ಕಪ್ಪಾಗಿತ್ತು. ಉಗುರಿನ ಸಂದಿಯಲ್ಲಿ ಅಂಟಂಟು ಮಣ್ಣು. ಕಾಫಿ ಹಣ್ಣು ಹೆಕ್ಕಿದ ಕೈ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೊಬಸ್ಟಾ ಕೊಯ್ಲಿನ ಕಾಲ, ಕಿಲೋ ಲೆಕ್ಕದಲ್ಲಿ ಕೂಲಿ. ಗಿಡದ ಬುಡದಲ್ಲಿ ಉದುರಿದ್ದನ್ನು ಹೆಕ್ಕಿಕೊಟ್ಟು ಬಂದಿದ್ದ.

ನನಗೆ ಉತ್ತರ ಗೊತ್ತಿತ್ತು. ಆದರೂ ಎಲ್ಲರ ಮುಂದೆ ಕೇಳಿದೆ.

"ಎಷ್ಟು ಆನೆ ಇತ್ತು?"

"ಮೂರು."

"ಮರಿ ಇತ್ತಾ?"

"ಇತ್ತು."

"ದಂತ?"

"ಒಂದಕ್ಕೆ ಇತ್ತು."

"ಅವೇ ನಿನ್ನ ಕೈಗೆ ಕಾಫಿ ಬಳಿದವಾ?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ಹುಡುಗ ಎರಡೂ ಕೈ ಚಡ್ಡಿ ಜೇಬಿಗೆ ತುರುಕಿಕೊಂಡ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ತಟ್ಟೆ ಮುಟ್ಟಲಿಲ್ಲ, ಕೈ ಕಾಣಿಸುತ್ತದಲ್ಲ. ಆಮೇಲೆ ನಾಲ್ಕು ದಿನ ಶಾಲೆಗೇ ಬರಲಿಲ್ಲ.

ಹುಡುಕಿಕೊಂಡು ಲೈನ್ ಮನೆಗೆ ಹೋದೆ. ಅವನ ಅಮ್ಮ ಹೇಳಿದರು: "ಆನೆ ಅಂತ ಹೇಳು ಅಂದಿದ್ದು ನಾನೇ ಟೀಚರೇ. ಕೆಲಸಕ್ಕೆ ಕರ್ಕೊಂಡು ಹೋದೆ ಅಂದ್ರೆ ನೀವು ಬೈತೀರ ಅಂತ."

ಅವತ್ತು ದಾರಿಯುದ್ದಕ್ಕೂ ಅದೇ ಯೋಚನೆ. ಸುಳ್ಳು ಅಮ್ಮನದು. ಭಯ ನನ್ನ ಬೈಗುಳದ್ದು. ನಡುವೆ ಹೊತ್ತುಕೊಂಡು ಓಡಾಡಿದ್ದು ಏಳು ವರ್ಷದ ಮಗು. ಅವನು ತಂದದ್ದು ಒಂದೇ ಸುಳ್ಳು, ಮಿಕ್ಕ ಮೂರನ್ನು ಕೇಳಿ ಕೇಳಿ ಹೇಳಿಸಿದವಳು ನಾನು.

ಆಗಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮಕ್ಕಳಿಗೆ ಕೇಳುವುದಿಲ್ಲ. ಕ್ರೇಯಾನ್ ಡಬ್ಬಿ ಒಬ್ಬಳ ಚೀಲದಲ್ಲಿ ಕಂಡಿತು ಅಂದುಕೊಳ್ಳಿ. "ನೀನು ತಗೊಂಡ್ಯಾ?" ಅಂದರೆ ಆರು ವರ್ಷದ ಮಗು "ಇಲ್ಲ" ಅಂದೇ ಅನ್ನುತ್ತದೆ. ಅದರ ಬದಲು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೇರೆಯವರಿಗೆ ಕೇಳಿಸದ ಹಾಗೆ, "ಡಬ್ಬಿ ನಿನ್ನ ಚೀಲದಲ್ಲಿದೆ ಪುಟ್ಟ. ಊಟದ ಬೆಲ್ ಹೊಡೆಯೋದರೊಳಗೆ ಶೆಲ್ಫಿಗೆ ಇಟ್ಟುಬಿಡು" ಅನ್ನುತ್ತೇನೆ. ಅಷ್ಟೇ. ಶೆಲ್ಫಿನ ಕಡೆ ತಿರುಗಿಯೂ ನೋಡುವುದಿಲ್ಲ. ಬಹಳಷ್ಟು ಸಲ ಡಬ್ಬಿ ವಾಪಸ್ ಬಂದಿರುತ್ತದೆ.

ಇನ್ನು, ನಾವು ಸುಳ್ಳು ಅಂತ ಕರೆಯುವುದೆಲ್ಲ ಸುಳ್ಳೂ ಅಲ್ಲ. ಇದು ನಮ್ಮ ಕೊಡಗಿನ ಶಾಲೆಗಳಲ್ಲಿ ಜಾಸ್ತಿ. ಒಂದೇ ಚಾಪೆಯ ಮೇಲೆ ಎರವ ಮಾತಿನ ಮಗು, ಮಲಯಾಳಂ ಮಗು, ಕೊಡವ ತಕ್ಕ್ ಮಗು, ಅಸ್ಸಾಮಿನಿಂದ ಬಂದ ಮಗು. ಒಂದನೇ ಕ್ಲಾಸಿನ ಮೊದಲ ತಿಂಗಳುಗಳಲ್ಲಿ "ಬರೆದ್ಯಾ?" ಅಂದರೂ "ಹೂಂ", "ಊಟ ಆಯ್ತಾ?" ಅಂದರೂ "ಹೂಂ". ಪುಸ್ತಕ ತೆರೆದರೆ ಖಾಲಿ. ಎಷ್ಟು ಮಕ್ಕಳು ಈ "ಹೂಂ"ಗೆ ಬೈಸಿಕೊಂಡಿದ್ದಾರೋ! ಮಗುವಿಗೆ ನನ್ನ ಮಾತು ಅರ್ಥವಾಗಿರುವುದಿಲ್ಲ, ಟೀಚರ್ ಸಿಟ್ಟಾಗದಿರಲಿ ಅಂತ ಹೂಂಗುಟ್ಟುತ್ತದೆ. ಹಾಗಾಗಿ ಈಗ "ತೋರಿಸು" ಅನ್ನುತ್ತೇನೆ, ಕೈಸನ್ನೆ ಮಾಡಿ. "ನಮ್ಮಪ್ಪ ಹುಲಿ ಹಿಡಿದ" ಅನ್ನುವ ಐದೂವರೆ ವರ್ಷದವನಿಗೆ "ಆಮೇಲೆ?" ಅಂತೀನಿ. ಅದು ಕತೆ, ಅದನ್ನು ಚಿವುಟಬಾರದು.

ನಲಿ-ಕಲಿಯಲ್ಲಿ ಕಲಿಕಾ ಏಣಿ ಅಂತ ಇದೆ, ಮಕ್ಕಳು ಒಂದೊಂದೇ ಕಾರ್ಡ್ ಮುಗಿಸುತ್ತಾ ಒಂದು ಮೈಲಿಗಲ್ಲಿನಿಂದ ಮುಂದಿನದಕ್ಕೆ ಹೋಗುವ ಕ್ರಮ. ಅದರ ವಿಷಯದಲ್ಲಾದರೆ ಮಕ್ಕಳು ಗೊತ್ತಿದ್ದೇ ಸುಳ್ಳು ಹೇಳುತ್ತಾರೆ. ಗೆಳತಿ ಮುಂದಿನ ಮೈಲಿಗಲ್ಲಿಗೆ ಹೋದಳು ಅಂತ ತಾನೂ ಕಾರ್ಡ್ ಮುಗಿಸಿದೆ ಅನ್ನುವುದು. ಅದು ನನಗೆ ಬಂದ ಸೂಚನೆ ಅಂತ ತಿಳಿಯುತ್ತೇನೆ. ಹಿಂದೆ ಬಿದ್ದವರನ್ನು ನಾನು ಎಲ್ಲೋ ಹೀಯಾಳಿಸಿದ್ದೇನೆ, ಅಥವಾ ಮುಂದೆ ಹೋದವರನ್ನು ಅತಿಯಾಗಿ ಹೊಗಳಿದ್ದೇನೆ.

ಹೊಡೆದರೆ ಸರಿಹೋಗುತ್ತಾರೆ ಅನ್ನುವವರು ಈಗಲೂ ಇದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯ್ದೆ ಪಕ್ಕಕ್ಕಿರಲಿ, ಹೊಡೆತದಿಂದ ಆಗುವುದೇ ಬೇರೆ. ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಅನ್ನುವ ಸಂಶೋಧಕರು ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಮೂರು-ನಾಲ್ಕು ವರ್ಷದ ಮಕ್ಕಳನ್ನು ಗಮನಿಸಿ 2011ರಲ್ಲಿ ಬರೆದರು. ಒಂದು ಶಾಲೆಯಲ್ಲಿ ಹೊಡೆಯುತ್ತಿದ್ದರು, ಇನ್ನೊಂದರಲ್ಲಿ ಇಲ್ಲ. ಆಟಿಕೆಯನ್ನು ತಿರುಗಿ ನೋಡಬೇಡಿ ಅಂತ ಹೇಳಿ ಹೊರಗೆ ಹೋದರೆ ಎರಡೂ ಕಡೆ ಹೆಚ್ಚಿನ ಮಕ್ಕಳು ಇಣುಕಿ ನೋಡಿದರು. ಆದರೆ ಹೊಡೆಯುವ ಶಾಲೆಯ ಮಕ್ಕಳು ಹೆಚ್ಚು ಸುಳ್ಳು ಹೇಳಿದರು, ಹೇಳಿದ ಸುಳ್ಳನ್ನು ಸಿಕ್ಕಿಬೀಳದ ಹಾಗೆ ಕಾಪಾಡಿಕೊಳ್ಳುವುದರಲ್ಲೂ ಮುಂದಿದ್ದರು. ಓದಿದಾಗ ನನಗೆ ಆ ಮೂರು ಆನೆ, ಒಂದು ಮರಿ ಕಣ್ಣಮುಂದೆ ಬಂತು.

ಇಲ್ಲಿಯ ದೇವರ ಹೆಸರಲ್ಲಿ ಆಣೆ ಹಾಕಿಸುವುದನ್ನೂ ನಿಲ್ಲಿಸಿದ್ದೇನೆ. "ಇಗ್ಗುತ್ತಪ್ಪನ ಆಣೆ ಹೇಳು" ಅಂದರೆ ಮಗು ಆಣೆಯನ್ನೂ ಹಾಕುತ್ತದೆ, ರಾತ್ರಿ ಹೆದರಿ ನಿದ್ದೆಯನ್ನೂ ಬಿಡುತ್ತದೆ.

ಹಾಗಂತ ಸುಮ್ನೆ ಬಿಟ್ಟುಬಿಡುವುದಲ್ಲ. ಕ್ಷೀರಭಾಗ್ಯದ ಹಾಲು ಚೆಲ್ಲಿದವನು ಬಂದು ಹೇಳಿದರೆ ಮೊದಲು "ಹೇಳಿದ್ದು ಒಳ್ಳೇದಾಯ್ತು" ಅನ್ನುತ್ತೇನೆ. ಆಮೇಲೆ ಒರೆಸುವ ಬಟ್ಟೆ ಕೊಡುತ್ತೇನೆ. ಅವನೊಂದು ಕಡೆ, ನಾನೊಂದು ಕಡೆ ಒರೆಸುತ್ತೇವೆ. ಪುಸ್ತಕ ಹರಿದರೆ ಹರಿದವರೇ ಗೋಂದು ಹಚ್ಚಬೇಕು. ನನ್ನ ಸಹೋದ್ಯೋಗಿಯೊಬ್ಬರು "ಹೀಗೆ ಬಿಟ್ಟರೆ ತಲೆ ಮೇಲೆ ಕೂರ್ತಾರೆ" ಅನ್ನುತ್ತಿದ್ದರು. ಒಬ್ಬ ಹುಡುಗಿಯ ವಿಷಯದಲ್ಲಿ ಅವರ ಮಾತು ನಿಜವೇನೋ ಅನ್ನಿಸಿತ್ತು. ವರ್ಷವಿಡೀ ಬೇರೆಯವರ ಪೆನ್ಸಿಲ್, ರಬ್ಬರ್ ತೆಗೆದುಕೊಳ್ಳುತ್ತಿದ್ದಳು. ಕೊನೆಗೆ ಕ್ಲಾಸಿನ ಪೆನ್ಸಿಲ್ ಡಬ್ಬಿಯನ್ನೇ ಅವಳ ಕೈಗೆ ಕೊಟ್ಟೆ. ಬೆಳಿಗ್ಗೆ ಎಣಿಸಿ ಹಂಚುವುದು, ಸಂಜೆ ಎಣಿಸಿ ತೆಗೆದಿಡುವುದು ಅವಳ ಕೆಲಸ. ಕಡಿಮೆ ಆಯಿತು, ಪೂರ್ತಿ ನಿಲ್ಲಲಿಲ್ಲ. ಅವಳ ಸ್ವಂತದ್ದು ಅಂತ ಒಂದು ಹೊಸ ಪೆನ್ಸಿಲ್ ಯಾವತ್ತೂ ಇರಲಿಲ್ಲ ಅನ್ನುವುದು ನನಗೆ ತಡವಾಗಿ ಹೊಳೆಯಿತು.

ಈಗ ಪ್ರತಿ ಡಿಸೆಂಬರಿನಲ್ಲಿ, ಕೊಯ್ಲು ಜೋರಾಗುವ ಮೊದಲು, ಪೋಷಕರನ್ನು ಕರೆದು ಹೇಳುತ್ತೇನೆ. ಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಹೋಗಬೇಡಿ. ಹೋದಿರೋ, ನನಗೆ ನೀವೇ ಹೇಳಿ. ಜಗಳ ಆದರೆ ನಿಮಗೂ ನನಗೂ ಆಗಲಿ. ಮಗುವಿನ ಬಾಯಿಗೆ ಆನೆ ಇಡಬೇಡಿ.

ಹೋದ ಜನವರಿಯಲ್ಲಿ ಒಂದು ದಿನ ಹತ್ತೂವರೆಗೆ ಗೇಟಿನ ಹತ್ತಿರ ಒಬ್ಬ ಅಪ್ಪ, ಮಗಳ ಕೈ ಹಿಡಿದುಕೊಂಡು ನಿಂತಿದ್ದರು. ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಹೇಳಿದರು: "ಇವತ್ತು ಆನೆ ಇಲ್ಲ ಟೀಚರೇ. ನಾನೇ ತಡ ಮಾಡಿಸಿದ್ದು." ಮಗಳನ್ನು ಒಳಗೆ ಕಳಿಸಿದೆ. ನಾವಿಬ್ಬರೂ ಗೇಟಿನ ಹತ್ತಿರವೇ ನಿಂತು ಮಾತಾಡಿದೆವು.