ಅಂಕಣದ ಲೆಕ್ಕದಲ್ಲಿ ಒಂದು ಆಫೀಸು

ಚಿತ್ರದುರ್ಗದಲ್ಲಿ ನಮ್ಮದೇ ಆಫೀಸು ಕಟ್ಟಿಸಲು ಹೊರಟಾಗ ಬರೆದ ಮೊದಲ ನಕ್ಷೆ ಇನ್ನೂ ನನ್ನ ಹತ್ತಿರ ಇದೆ. ಮುಂಭಾಗಕ್ಕೆ ಗಾಜು, ಒಳಗೆ ಎಸಿ, ಬಂದವರು ಕೂರುವ ಕಡೆ ಗೋಡೆ ತುಂಬ ಒನಕೆ ಎತ್ತಿದ ಓಬವ್ವ. ಸ್ಥಳೀಯ ಸಂಸ್ಕೃತಿಯ ಲೆಕ್ಕ ಆ ಚಿತ್ರಕ್ಕೇ ಚುಕ್ತಾ! ಮನೆ ಕಟ್ಟಿಸುವವರಿಗೆ ನಕ್ಷೆ ಬರೆದುಕೊಡುವ ಏಳು ಜನರ ಆಫೀಸು ನಮ್ಮದು. ಊರಿಗೆಲ್ಲ ಬುದ್ಧಿ ಹೇಳಿ ಸ್ವಂತಕ್ಕೆ ಬಂದಾಗ ಕೈ ಹೀಗೆ ಓಡಿತ್ತು.

ಆ ನಕ್ಷೆ ಮೂಲೆಗೆ ಸೇರಿದ್ದು ಚಳ್ಳಕೆರೆ ಕಡೆಯ ನಮ್ಮಜ್ಜಿಯ ಮಾಳಿಗೆ ಮನೆಯಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಳೆದ ಮೇಲೆ. ಹೊರಗೆ ಕಾಲಿಡಲಾಗದ ಬಿಸಿಲು. ಒಳಗೆ ಅಜ್ಜಿ ಫ್ಯಾನೂ ಹಾಕದೆ ಶೇಂಗಾ ಬಿಡಿಸುತ್ತಿದ್ದಳು. ದಪ್ಪ ಗೋಡೆ, ಮೇಲೆ ಛಾವಣಿಗೆ ಕರಲು (ಚೌಳು) ಮಣ್ಣು, ಬೆಳಕಿಗೊಂದು ಗವಾಕ್ಷಿ. ಮನೆ ಎಷ್ಟು ಅಡಿ ಎಂದು ಕೇಳಿದರೆ "ಐದಂಕಣದ ಮನೆ ಕಣೆ, ಅಡಿ ಗಿಡಿ ನಂಗೇನು ಗೊತ್ತು" ಅಂದಳು. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಹತ್ತಿರದಲ್ಲಿ ಸಿಗುವ ಮರ ಎಷ್ಟು ಉದ್ದವೋ ಕೋಣೆಯ ಹರವೂ ಅಷ್ಟೇ.

ಹೊಸ ನಕ್ಷೆಯನ್ನು ಅಂಕಣದಲ್ಲೇ ಬರೆದೆ. ಹತ್ತಡಿಗೊಂದು ಅಂಕಣ, ಅಂಕಣಕ್ಕೆ ಎರಡು ಮೇಜು. ಹರವು ಕಡಿಮೆಯಾದ್ದರಿಂದ ಕಬ್ಬಿಣವೂ ಕಡಿಮೆ ಹಿಡಿಯಿತು. ಕರಲು ಮಣ್ಣಿನ ಮಾಳಿಗೆಗೆ ಮಾತ್ರ ಧೈರ್ಯ ಬರಲಿಲ್ಲ. ಪ್ರತಿವರ್ಷ ಮಳೆಗೆ ಮುಂಚೆ ಹೊಸ ಮಣ್ಣು ಹಾಕಿ ತುಳಿಯಬೇಕು, ಆ ಕೆಲಸಕ್ಕೆ ಈಗ ಆಳು ಸಿಗುವುದಿಲ್ಲ. ಬದಲಿಗೆ ಫಿಲ್ಲರ್ ಸ್ಲ್ಯಾಬ್ ಹಾಕಿದೆವು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಂಬಿ, ಕಾಂಕ್ರೀಟಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಆ ಜಾಗಕ್ಕೆ ಹಳೇ ಮಂಗಳೂರು ಹೆಂಚು ಕೂರಿಸಿದೆವು. ಮೇಲೆ ಬಿಳಿ ಟೈಲ್ಸ್ ಚೂರು.

ಗೋಡೆಗೆ ನಮ್ಮ ಸೈಟಿನದೇ ಮಣ್ಣು. ನೀರಿನ ತೊಟ್ಟಿಗೆ ಗುಂಡಿ ತೆಗೆದಾಗ ಕೆಂಪು ಮಣ್ಣು ಬಂತು. ಕಪ್ಪು ಎರೆಯಾಗಿದ್ದರೆ ಈ ಯೋಚನೆಯನ್ನೇ ಬಿಡುತ್ತಿದ್ದೆ, ಅದು ನೀರು ಕುಡಿದು ಉಬ್ಬಿ, ಒಣಗಿ ಬಿರಿಯುತ್ತದೆ. ಗಾಜಿನ ಬಾಟಲಿಗೆ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಟ್ಟರೆ ಮರಳು ಮೊದಲು ತಳ ಸೇರುತ್ತದೆ, ಜೇಡಿ ಕೊನೆಗೆ. ನಮ್ಮದರಲ್ಲಿ ಜೇಡಿ ಜಾಸ್ತಿ ಕಂಡಿತು, ಕಲ್ಲುಪುಡಿ ಬೆರೆಸಿದೆವು. ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಸೇರಿಸಿ ಇಟ್ಟಿಗೆ ಒತ್ತಿದೆವು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು ಶುರುವಾದ ಅಸ್ತ್ರ ಕೇಂದ್ರದವರು ಬೆಳೆಸಿದ ವಿದ್ಯೆ ಇದು. ಕೈಯಲ್ಲಿ ಒತ್ತುವ ಯಂತ್ರ ಸಾಕು, ಸುಡಲು ಸೌದೆ ಬೇಡ, ಮೂರು ವಾರ ನೀರುಣಿಸಬೇಕು ಅಷ್ಟೇ. ಮೇಸ್ತ್ರಿಗೆ ಮಾತ್ರ ಕೊನೆವರೆಗೂ ಸಮಾಧಾನವಿಲ್ಲ. "ಮೇಡಂ, ಇಂಜಿನಿಯರ್ ಆಫೀಸು ಮಣ್ಣಾಗೆ ಕಟ್ಟಿದ್ರೆ ದುಡ್ಡಿಲ್ಲ ಅಂದ್ಕಂತಾರೆ ಜನ." ತಪ್ಪೇನೂ ಹೇಳಲಿಲ್ಲ. ಒಬ್ಬರು ಬಂದು ಇಡೀ ಆಫೀಸು ಸುತ್ತಿ, ತಂಪಾಗಿದೆ ಎಂದು ಹೊಗಳಿ, ತಮ್ಮ ಮನೆಗೆ ಗಾಜೇ ಇರಲಿ ಎಂದು ಹೇಳಿ ಹೋದರು.

ನನಗೆ ಬಹಳ ಇಷ್ಟವಾದದ್ದು ಬಾಗಿಲು. ನಮ್ಮೂರ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಸುಮ್ಮನೆ ಗಾಳಿಯಂತ್ರ ನಿಲ್ಲಿಸಿಲ್ಲ. ಆಷಾಢದಲ್ಲಿ ಬಾಗಿಲು ತೆಗೆದರೆ ಮೇಜಿನ ಮೇಲಿನ ಕಾಗದವೆಲ್ಲ ಹಾರಿ ಧೂಳು ಒಳಗೆ. ನಮ್ಮೂರ ಕೋಟೆಯ ಬಾಗಿಲುಗಳಿಗೆ ನೇರ ದಾರಿಯಿಲ್ಲ. ಆನೆ ಓಡಿಬಂದು ಗುದ್ದದಿರಲೆಂದು ತಿರುವು ಹಾಕಿದ್ದಾರೆ. ನನಗೆ ಆನೆಯ ಭಯವಿಲ್ಲ, ಗಾಳಿಯದು. ಮುಂಬಾಗಿಲಿನ ಎದುರಿಗೆ ಸೈಜುಗಲ್ಲಿನ ಅಡ್ಡಗೋಡೆ ಕಟ್ಟಿ, ಎರಡು ತಿರುವು ಕೊಟ್ಟು, ಮಧ್ಯೆ ಕಟ್ಟೆ ಹಾಕಿದೆವು. ಧೂಳು ಅಲ್ಲೇ ಬೀಳುತ್ತದೆ. ಚಪ್ಪಲಿ ಬಿಡುವುದು, ಹರಟುವುದು ಎಲ್ಲ ಅಲ್ಲೇ.

ನೀರಿಗೂ ಕೋಟೆಯೇ ಮೇಲ್ಪಂಕ್ತಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಒಂದರ ಕೋಡಿ ಇನ್ನೊಂದಕ್ಕೆ ಒಳಹರಿವು. ನಮ್ಮದು 1,200 ಚದರಡಿ ಛಾವಣಿ. 20 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕದಲ್ಲಿ 2,200 ಲೀಟರ್, ಕೈಗೆ ಸಿಗುವುದು ಸ್ವಲ್ಪ ಕಡಿಮೆ. ತೊಟ್ಟಿ ತುಂಬಿದ್ದು ಇಂಗುಗುಂಡಿಗೆ, ಅದೂ ತುಂಬಿದರೆ ಗಿಡಗಳ ಪಾತಿಗೆ. ಮೊದಲ ವರ್ಷ ಛಾವಣಿ ನೀರಿನ ಪೈಪಿನ ಬಾಯಿ ಗೋಡೆಗೆ ತೀರ ಹತ್ತಿರವಿಟ್ಟು, ನೀರು ಸಿಡಿದು ಕೆಳಗಿನ ಎರಡು ವರಸೆ ಮಣ್ಣಿನ ಇಟ್ಟಿಗೆ ಕೊರೆಯಿತು. ತಪ್ಪು ನನ್ನದೇ. ಆಮೇಲೆ ಆ ಬದಿಗೆ ಕಲ್ಲು ಕಟ್ಟಿಸಿದೆ.

ಒಳಗೆ ಇನ್ನೊಂದು ಪೇಚು. ಬರಿ ಗೋಡೆ, ಬರಿ ನೆಲ, ಫೋನಿನಲ್ಲಿ ಮಾತಾಡಿದರೆ ಬಾವಿಯೊಳಗಿಂದ ಕೂಗಿದಂತೆ. ಪೇಟೆಯ ಫೋಮ್ ಹಲಗೆ ತರಿಸುವ ಬದಲು ಚಳ್ಳಕೆರೆಯಿಂದ ಕರಿ ಕಂಬಳಿ ತಂದೆವು. ನೇಯುವವರು ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ, ಹಾಗಾಗಿ ಹೊಸ ಕಂಬಳಿ ಹಲಗೆಯಂತೆ ಬಿಗಿ. ಮರದ ಚೌಕಟ್ಟಿಗೆ ಬಿಗಿದು, ಗೋಡೆಗೆ ಅಂಟಿಸದೆ ಎರಡಿಂಚು ಬಿಟ್ಟು ತೂಗುಹಾಕಿದೆವು. ಹಿಂದೆ ಗಾಳಿಯ ಜಾಗವಿದ್ದರೆ ದನಿಯನ್ನು ಇನ್ನೂ ಚೆನ್ನಾಗಿ ಹೀರುತ್ತದೆ. ಗುಂಯ್‌ಗುಡುವುದು ನಿಂತಿತು. ಮಳೆಗಾಲದಲ್ಲಿ ಹುಳು ಬಂತು. ಈಗ ವರ್ಷಕ್ಕೆರಡು ಸಲ ಎಲ್ಲರೂ ಸೇರಿ ಬಿಚ್ಚಿ, ಬಿಸಿಲಿಗೆ ಹಾಕಿ, ಕೊಡವಿ, ಹಿಂದೆ ಬೇವಿನ ಸೊಪ್ಪು ಸಿಕ್ಕಿಸುತ್ತೇವೆ.

ಉಳಿದದ್ದು ಪಡುವಣ ಗೋಡೆ. ಅಲ್ಲಿ ಕಿಟಕಿ ಇಡದೆ ಮೆಟ್ಟಿಲು, ಶೌಚಾಲಯ ಹಾಕಿದ್ದರೂ ಸಂಜೆ ನಾಲ್ಕಕ್ಕೆ ಗೋಡೆ ಕಾದು ಬಿಸಿಯಾಗುತ್ತದೆ. ಹೊಂಗೆ ನೆಟ್ಟಿದ್ದೇನೆ. ಎಲೆ ಉದುರಿದರೂ ಬೇಸಿಗೆ ಬಲಿಯುವ ಹೊತ್ತಿಗೆ ಮತ್ತೆ ಚಿಗುರಿ ನೆರಳು ಕೊಡುವ ಮರ. ಈಗ ನನ್ನ ಭುಜದೆತ್ತರ ಇದೆ. ಅದು ಬೆಳೆಯುವವರೆಗೆ ನರ್ಸರಿಯವರು ಕಟ್ಟುವ ಹಸಿರು ಬಲೆ ಕಟ್ಟಿದ್ದೇವೆ, ನೋಡಲು ಚೆನ್ನಾಗಿಲ್ಲ.