ಮನೆ ನವೀಕರಣಕ್ಕೆ ಕಾಲ ಕೂಡಿಬಂದದ್ದನ್ನು ನಾವು ಗುರುತಿಸಿದ ಬಗೆ

ಅಪ್ಪ ಕಟ್ಟಿಸಿದ ಮನೆಯನ್ನು ನವೀಕರಿಸಬೇಕೆಂಬ ಮಾತು ನಮ್ಮಲ್ಲಿ ಹಲವು ವರ್ಷಗಳಿಂದ ನಡೆಯುತ್ತಲೇ ಇತ್ತು. ಮಾತು ಬಂದಾಗಲೆಲ್ಲ ಅದು ಹಣದ ಕಡೆಗೋ ನೆಲದ ಟೈಲ್ಸ್‌ನ ಬಣ್ಣದ ಕಡೆಗೋ ಹೊರಳಿ ಅಲ್ಲಿಗೇ ನಿಂತುಬಿಡುತ್ತಿತ್ತು. ಕೊನೆಗೆ ನಾನೂ ತಮ್ಮನೂ ಕುಳಿತು, ಮಾಡಿಸಬೇಕೆಂದುಕೊಂಡಿದ್ದ ಒಂದೊಂದು ಕೆಲಸವನ್ನೂ ಎದುರಿಗಿಟ್ಟುಕೊಂಡು, ಇದನ್ನು ಇನ್ನೆರಡು ವರ್ಷ ಮುಂದೂಡಿದರೆ ಏನಾಗುತ್ತದೆ ಎಂದು ಕೇಳಿಕೊಳ್ಳತೊಡಗಿದೆವು. ಕೆಲವು ಕೆಲಸಗಳು ಎಷ್ಟು ಕಾದರೂ ಇದ್ದ ಹಾಗೆಯೇ ಇರುತ್ತವೆ, ಕೆಲವು ಪ್ರತಿ ಮಳೆಗೂ ದೊಡ್ಡದಾಗುತ್ತ ಹೋಗುತ್ತವೆ. ಎರಡನೆಯ ಗುಂಪಿನಲ್ಲಿ ಏನೇನಿದೆ ಎಂದು ಖಚಿತವಾಗಿ ತಿಳಿಯದೆ ನವೀಕರಣದ ದಿನವನ್ನು ಗೊತ್ತುಮಾಡಬಾರದೆಂದು ನಿಶ್ಚಯಿಸಿದೆವು.

ಅದಕ್ಕಾಗಿ ಒಂದು ಪೂರ್ತಿ ಮಳೆಗಾಲ ಮನೆಯನ್ನು ಗಮನಿಸುವುದಕ್ಕೇ ಮೀಸಲಿಟ್ಟೆವು. ಗೋಡೆಯ ಮೇಲಿನ ತೇವವೆಲ್ಲ ಒಂದೇ ಬಗೆಯದಲ್ಲ, ಮೂಲ ಬೇರೆಯಾದರೆ ಮದ್ದೂ ಬೇರೆ. ಮಳೆ ಬಿದ್ದ ಮೇಲೆ ಮೂಡಿ, ಬಿಸಿಲು ಕಾದ ಮೇಲೆ ಮಾಸುವ ಕಲೆಯಾದರೆ ನೀರು ತಾರಸಿಯಿಂದ ಅಥವಾ ಹೊರಗೋಡೆಯಿಂದ ಬರುತ್ತಿದೆ ಎಂದರ್ಥ. ಬುಡದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಹಬ್ಬಿ, ಬಿಳಿ ಉಪ್ಪನ್ನು ಉದುರಿಸುವ ತೇವ ಸಾಮಾನ್ಯವಾಗಿ ನೆಲದಿಂದ ಏರಿದ್ದು. ಮಳೆ ಇರಲಿ ಇಲ್ಲದಿರಲಿ ಒಂದೇ ಸಮನೆ ಉಳಿಯುವ ಕಲೆಗೆ ಕೊಳವೆಯ ಸೋರಿಕೆಯನ್ನು ಶಂಕಿಸಬೇಕು. ಕಲೆಯ ಅಂಚನ್ನು ಪೆನ್ಸಿಲ್ಲಿನಿಂದ ಗುರುತಿಸಿ ಪಕ್ಕದಲ್ಲಿ ತಾರೀಖು ಬರೆಯುವ ಅಭ್ಯಾಸವನ್ನು ಆಗ ಮಾಡಿಕೊಂಡೆವು. ಮಲಗುವ ಕೋಣೆಯ ಒಂದು ಗೋಡೆಯ ವಿಷಯದಲ್ಲಿ ಅನುಮಾನ ಉಳಿದಾಗ, ಅಂಗೈಯೆರಡರಷ್ಟು ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿದೆವು. ಕೆಲವು ದಿನಗಳ ನಂತರ ಹಾಳೆಯ ಒಳಮೈಯಲ್ಲಿ, ಗೋಡೆಯ ಕಡೆಗೆ, ಹನಿಗಳು ಕೂಡಿದ್ದವು. ತೇವ ಗೋಡೆಯೊಳಗಿನಿಂದಲೇ ಬರುತ್ತಿತ್ತು. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವಾಂಶ ತಣ್ಣಗಾಗಿ ನೀರಾದದ್ದು, ಅದಕ್ಕೆ ಗಾಳಿಯಾಡುವಂತೆ ಮಾಡಿದರೆ ಸಾಕಾಗುತ್ತಿತ್ತು. ನೆಲದಡಿಯ ಕೊಳವೆಗಳನ್ನು ಪರೀಕ್ಷಿಸುವುದು ಇನ್ನೂ ಸುಲಭ: ರಾತ್ರಿ ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ, ತೊಟ್ಟಿ ತುಂಬುತ್ತಿಲ್ಲವೆಂದು ಖಾತ್ರಿಪಡಿಸಿಕೊಂಡು, ನೀರಿನ ಮೀಟರಿನ ಅಂಕಿಯನ್ನು ಬರೆದಿಟ್ಟು ಬೆಳಿಗ್ಗೆ ಹೋಲಿಸಿ ನೋಡಿದರೆ ತಿಳಿಯುತ್ತದೆ.

ಬಿರುಕುಗಳ ಬಗ್ಗೆ ಮನೆಯವರಿಗೆಲ್ಲ ಭಯವಿತ್ತು, ಆದರೆ ಹೆಚ್ಚಿನವು ಸಾರಣೆಯ ಮೇಲಿನ ಕೂದಲೆಳೆಯಷ್ಟು ಸಣ್ಣ ಗೆರೆಗಳಾಗಿದ್ದವು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗಿದ್ದ ಒಂದು ಬಿರುಕು ಮಾತ್ರ ನಮ್ಮನ್ನು ಯೋಚನೆಗೆ ಹಚ್ಚಿತು, ಏಕೆಂದರೆ ಅಡಿಪಾಯದ ಒಂದು ಭಾಗ ಕುಸಿದಾಗ ಬಿರುಕು ಬೀಳುವುದು ಹೀಗೆಯೇ. ಬಿರುಕು ಬಿದ್ದಿದೆ ಎಂಬುದಕ್ಕಿಂತ ಅದು ಇನ್ನೂ ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಎಂಜಿನಿಯರರ ಸಲಹೆಯಂತೆ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಗಳಲ್ಲಿ ಗಟ್ಟಿಯಾಗಿ ಅಂಟಿಸಿ ಬಿಟ್ಟೆವು. ಗೋಡೆ ಸ್ವಲ್ಪ ಸರಿದರೂ ಗಾಜು ಒಡೆಯುತ್ತದೆ. ಮಳೆಗಾಲ ಕಳೆದು, ಮಣ್ಣು ಒಣಗಿ ಕುಗ್ಗುವ ಬೇಸಿಗೆಯೂ ಕಳೆದ ಮೇಲೆ ಗಾಜು ಹಾಗೆಯೇ ಇತ್ತು. ಕುಸಿತ ಎಂದೋ ಆಗಿ ಎಂದೋ ನಿಂತಿತ್ತು. ಅದು ಒಡೆದಿದ್ದರೆ ನಾವು ನವೀಕರಣದ ಯೋಚನೆಯನ್ನು ಬಿಟ್ಟು, ಮನೆಯನ್ನು ಕೆಡವಿ ಕಟ್ಟುವ ಲೆಕ್ಕ ಹಾಕಬೇಕಾಗುತ್ತಿತ್ತು. ಕಾಲವನ್ನು ನಿರ್ಧರಿಸುವುದಕ್ಕೆ ಮೊದಲು ಈ ಪ್ರಶ್ನೆ ಇತ್ಯರ್ಥವಾಗಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಕಾಲವನ್ನು ನಿಜವಾಗಿ ಗೊತ್ತುಮಾಡಿದ್ದು ಕಿಟಕಿಯ ಮೇಲೆ ಹೊರಚಾಚಿದ ಕಾಂಕ್ರೀಟ್ ಸಜ್ಜೆ ಮತ್ತು ತಾರಸಿ. ಸಜ್ಜೆಯ ಅಡಿಯಲ್ಲಿ ಸಾರಣೆ ಉಬ್ಬಿದ್ದ ಜಾಗವನ್ನು ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂತು. ಉಳಿ ಹಾಕಿ ಎಬ್ಬಿಸಿದರೆ ಒಳಗಿನ ಕಬ್ಬಿಣದ ಸರಳು ಪದರು ಪದರಾಗಿ ಸುಲಿದು, ಬೆರಳಿಗೆ ತಾಗಿದರೆ ಕೆಂಪು ಚೂರಾಗಿ ಉದುರುತ್ತಿತ್ತು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸೀಳಿದ ದಾರಿಯಲ್ಲಿ ಇನ್ನಷ್ಟು ನೀರು, ಇನ್ನಷ್ಟು ಗಾಳಿ ಸೇರಿ ತುಕ್ಕು ಮತ್ತೂ ಹೆಚ್ಚುತ್ತದೆ. ಎಂಜಿನಿಯರರು ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಿ ತೋರಿಸಿದರು. ಕಾಂಕ್ರೀಟಿನಲ್ಲಿ ಕ್ಷಾರ ಸಾಕಷ್ಟಿದ್ದರೆ ಅದು ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕ್ಷಾರ ಇಳಿದುಹೋಗಿದ್ದರೆ ಬಣ್ಣವೇ ಬರುವುದಿಲ್ಲ, ಅಂಥ ಕಾಂಕ್ರೀಟು ಸರಳನ್ನು ತುಕ್ಕಿನಿಂದ ಕಾಪಾಡಲಾರದು. ಸಜ್ಜೆಯಲ್ಲಿ ಸರಳಿನ ಆಳದವರೆಗೂ ಬಣ್ಣ ಬರಲಿಲ್ಲ. ಕೋಣೆಯ ಚಾವಣಿಯಲ್ಲಿ ಮೇಲಿನ ತೆಳು ಪದರದ ಆಚೆ ಎಲ್ಲ ಗುಲಾಬಿಯಾಗಿಯೇ ಇತ್ತು. ಈಗ ಹಿಡಿದರೆ ಚಾವಣಿ ಉಳಿಯುತ್ತದೆ, ತಡಮಾಡಿದರೆ ಅದೂ ಸಜ್ಜೆಯ ಪಾಡಾಗುತ್ತದೆ ಎಂಬುದು ಕಣ್ಣಿಗೆ ಕಾಣುವಂತಾಯಿತು. ಮುಂದಿನ ಮಳೆಗಾಲದೊಳಗೆ ತಾರಸಿಯ ಕೆಲಸ ಮುಗಿಯಲೇಬೇಕೆಂದು ಆ ದಿನವೇ ತೀರ್ಮಾನವಾಯಿತು.

ಒಂದು ಕೆಲಸದ ಕಾಲ ಗೊತ್ತಾದ ಮೇಲೆ ಅದರ ಜೊತೆಗೆ ಯಾವುದು ಸೇರಬೇಕೆಂಬ ಪ್ರಶ್ನೆ ಬಂತು. ಒಂದೇ ಗೋಡೆಯನ್ನು ಎರಡು ಸಲ ಒಡೆಯಿಸಬಾರದೆಂಬ ನಿಯಮವನ್ನು ನಾವೇ ಹಾಕಿಕೊಂಡೆವು. ತೇವದಿಂದ ಸಾರಣೆ ಕೆಟ್ಟ ಗೋಡೆಗಳನ್ನು ಹೇಗೂ ಕೆತ್ತಬೇಕಾಗಿದ್ದುದರಿಂದ, ಅವುಗಳೊಳಗಿನ ಹಳೆಯ ವೈರಿಂಗನ್ನೂ ತುಕ್ಕು ಕಟ್ಟಿದ ಕಬ್ಬಿಣದ ನೀರಿನ ಕೊಳವೆಗಳನ್ನೂ ಆಗಲೇ ಬದಲಿಸುವುದು ಸರಿಯೆನಿಸಿತು. ಹಳೆಯ ವೈರಿಂಗಿನಲ್ಲಿ ಹಲವು ಸಾಕೆಟ್ಟುಗಳಿಗೆ ಅರ್ಥಿಂಗ್ ಇರಲಿಲ್ಲ, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವ ರಕ್ಷಣಾ ಸ್ವಿಚ್ಚೂ ಇರಲಿಲ್ಲ. ಒದ್ದೆ ಗೋಡೆಯ ಮನೆಯಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯ, ಗೋಡೆ ಒಡೆಯುವ ಸಂದರ್ಭ ಬಾರದಿದ್ದರೂ ಇದನ್ನು ಮುಂದೂಡುತ್ತಿರಲಿಲ್ಲ.

ಮನೆಯ ಸ್ಥಿತಿಯಷ್ಟೇ ಮನೆಯವರ ಸ್ಥಿತಿಯನ್ನೂ ನೋಡಬೇಕಾಯಿತು. ಅಮ್ಮ ತನಗೆ ಏನೂ ಬೇಡವೆಂದೇ ಹೇಳುತ್ತಿದ್ದರು. ಒಂದು ದಿನ ಬಚ್ಚಲಮನೆಯ ಬಾಗಿಲಿನ ಪಕ್ಕದ ಗೋಡೆಯಲ್ಲಿ, ಸೊಂಟದ ಎತ್ತರದಲ್ಲಿ, ಸುಣ್ಣ ಸವೆದು ನುಣುಪಾಗಿದ್ದುದನ್ನು ಕಂಡು ಕೇಳಿದೆ. "ಹೊಸಿಲು ದಾಟೋವಾಗ ಅಲ್ಲಿ ಕೈ ಊರ್ತೀನಿ ಕಣೋ, ಅಷ್ಟೆ" ಎಂದರು. ಆ ಕೆಲಸ ಅಲ್ಲಿಯವರೆಗೆ ನಮ್ಮ ಪಟ್ಟಿಯಲ್ಲೇ ಇರಲಿಲ್ಲ, ಮರುದಿನ ಮೇಲಕ್ಕೆ ಬಂತು. ಹಿರಿಯರಿರುವ ಮನೆಯಲ್ಲಿ ಬಚ್ಚಲಮನೆಯನ್ನು ಅವರು ಬೀಳುವುದಕ್ಕೆ ಮೊದಲೇ ಸರಿಪಡಿಸಬೇಕು, ಬಿದ್ದ ಮೇಲೆ ಮಾಡಿಸಿದ ಹಿಡಿಕೆಯಿಂದ ಮುರಿದ ಸೊಂಟ ಕೂಡುವುದಿಲ್ಲ. ಹೊಸಿಲು ತೆಗೆಸಿ, ಗಾಲಿಕುರ್ಚಿ ಹಾಯುವಂತೆ ಬಾಗಿಲಿಗೆ 900 ಮಿಲಿಮೀಟರ್ ಅಗಲ ಕೊಡಿಸಿ, ಜಾರದ ಟೈಲ್ಸ್ ಹಾಕಿಸಿದೆವು. ಹಿಡಿಕೆ ಬರುವ ಜಾಗದಲ್ಲಿ ಟೈಲ್ಸ್ ಹಾಕುವ ಮೊದಲೇ ಗೋಡೆಯನ್ನು ಗಟ್ಟಿಗೊಳಿಸಬೇಕು, ಇಲ್ಲದಿದ್ದರೆ ಭಾರ ಬಿದ್ದಾಗ ಹಿಡಿಕೆ ಕಿತ್ತು ಬರುತ್ತದೆ.

ತಮ್ಮನ ಮಗಳ ಪರೀಕ್ಷೆ ಮುಗಿಯುವವರೆಗೆ ಒಳಗಿನ ಕೆಲಸವನ್ನು ತಡೆಹಿಡಿದೆವು. ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಂಭವವಿದ್ದುದರಿಂದ ಬಾಗಿಲು ಕಿಟಕಿಗಳ ಬಣ್ಣ ಕೆರೆಯುವ ದಿನಗಳಲ್ಲಿ ಅವಳನ್ನೂ ಅಮ್ಮನನ್ನೂ ಬೇರೆ ಕಡೆ ಇರಿಸಿದೆವು. ಒಣಗಿದ ಬಣ್ಣವನ್ನು ಉಜ್ಜಬಾರದು, ಒದ್ದೆ ಮಾಡಿ ಕೆರೆಯಬೇಕು. ಸೀಸದ ಧೂಳು ಮಕ್ಕಳಿಗೆ ಬಹಳ ಕೆಟ್ಟದ್ದು.

ಹಣದ ವಿಷಯದಲ್ಲಿ ನಾವು ಪಾಲಿಸಿದ್ದು ಇಷ್ಟೇ: ಒಟ್ಟು ಅಂದಾಜಿನ ಮೇಲೆ ನೂರಕ್ಕೆ 20ರಷ್ಟು ಹೆಚ್ಚಿನ ಹಣ ಕೈಯಲ್ಲಿ ಇರದೆ ಮೊದಲ ಕಲ್ಲನ್ನೂ ಕದಲಿಸಬಾರದು. ಹಳೆಯ ಗೋಡೆ ತೆರೆದಾಗ ಒಳಗೆ ಏನಿದೆಯೆಂದು ಯಾರೂ ಮೊದಲೇ ಹೇಳಲಾರರು. ಅಷ್ಟು ಕೂಡದಿದ್ದಾಗ ಕೆಲಸದ ಗುಣಮಟ್ಟವನ್ನು ಇಳಿಸದೆ ಕೆಲಸಗಳ ಪಟ್ಟಿಯನ್ನು ಕುಗ್ಗಿಸಿದೆವು. ಗಟ್ಟಿಯಾಗಿದ್ದ ನೆಲ ಹಾಗೆಯೇ ಉಳಿಯಿತು.

ಒಣಹವೆ ಬಂದ ಕೂಡಲೆ ತಾರಸಿಯಿಂದ ಆರಂಭಿಸಿ, ಹೊರಗೋಡೆ ಮುಗಿಸಿ, ಆಮೇಲೆ ಒಳಕ್ಕೆ ಬಂದೆವು. ನೀರು ಬರುವ ದಾರಿ ಮುಚ್ಚದೆ ಒಳಗಿನ ಗೋಡೆಗೆ ಬಣ್ಣ ಬಳಿದರೆ ಹಣ ನೀರಿಗೇ ಹೋದ ಹಾಗೆ. ಹೊಸ ಸಿಮೆಂಟ್ ಸಾರಣೆಗೆ ಕನಿಷ್ಠ ಒಂದು ವಾರ ನೀರುಣಿಸಿ, ಬಣ್ಣಕ್ಕೆ ಸುಮಾರು ನಾಲ್ಕು ವಾರ ಕಾದೆವು. ಮಳೆಗಾಲದಲ್ಲಿ ಬಿಗಿಯಾಗುತ್ತಿದ್ದ ಮರದ ಬಾಗಿಲುಗಳನ್ನು ಮರ ಒಣಗುವ ತನಕ ಹತ್ತರಿ ಹೊಡೆಸಲಿಲ್ಲ. ಒದ್ದೆಯಲ್ಲಿ ಊದಿದ ಬಾಗಿಲನ್ನು ಆಗಲೇ ಸವರಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ.

ಅಡುಗೆಮನೆಯ ಕಪಾಟುಗಳನ್ನು ಎಲ್ಲರೂ ಬಯಸಿದ್ದರೂ ಬದಲಿಸಲಿಲ್ಲ, ಏಕೆಂದರೆ ಕಾಯುವುದರಿಂದ ಅವು ಮನೆಗೆ ಯಾವ ಕೇಡನ್ನೂ ಮಾಡುತ್ತಿರಲಿಲ್ಲ. ಆದರೆ ಮುಂದೆ ಬೇಕಾಗುವ ನೀರಿನ ಕೊಳವೆಗಳನ್ನೂ ವಿದ್ಯುತ್ ಪಾಯಿಂಟುಗಳನ್ನೂ ಗೋಡೆ ತೆರೆದಿದ್ದಾಗಲೇ ಹಾಕಿಸಿ, ಬಾಯಿ ಮುಚ್ಚಿಸಿ, ಸಾರಣೆ ಮಾಡುವ ಮುನ್ನ ಅಳತೆಪಟ್ಟಿ ಹಿಡಿದು ಪ್ರತಿ ಗೋಡೆಯ ಚಿತ್ರವನ್ನು ತೆಗೆದಿಟ್ಟುಕೊಂಡೆವು. ಹೊಸ ಕಪಾಟು ಕೂರಿಸುವ ದಿನ ಮೊಳೆ ಎಲ್ಲಿ ಹೊಡೆಯಬಾರದೆಂದು ಆ ಚಿತ್ರಗಳನ್ನು ನೋಡಿದರೆ ತಿಳಿಯುತ್ತದೆ.