ಸೊಂಟದ ಮೂಳೆ ಮುರಿದ ಮೇಲೆ ಅಮ್ಮನಿಗೇನು, ಅಪ್ಪನಿಗೇನು?

ನಾನು ದಾವಣಗೆರೆಯಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುತ್ತೇನೆ. ಸೊಂಟದ ಮೂಳೆ ಮುರಿದವರಲ್ಲಿ ಹೆಂಗಸರೇ ಜಾಸ್ತಿ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇಳಿದು ಮೂಳೆ ಬೇಗ ಸವೆಯುತ್ತದೆ. ಗಂಡಸರಲ್ಲಿ ಇದು ನಿಧಾನ. ಆದರೆ ಸೊಂಟ ಮುರಿದ ಮೊದಲ ವರ್ಷದಲ್ಲಿ ಜೀವಕ್ಕೆ ಅಪಾಯ ಗಂಡಸರಿಗೇ ಹೆಚ್ಚು. ಹಾಗಿದ್ದೂ ಅವರ ಮೂಳೆ ಪರೀಕ್ಷೆ ಮಾಡಿಸುವವರು ಕಡಿಮೆ. "ಬಿದ್ದರು, ಮುರೀತು" ಅಂತ ಸುಮ್ನೆ ಬಿಡಬೇಡಿ. ಡೆಕ್ಸಾ ಸ್ಕ್ಯಾನ್ (ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ), ಮೂಳೆ ಸವೆತದ ಔಷಧಿ ಅಪ್ಪನಿಗೂ ಬೇಕಾ ಅಂತ ಡಾಕ್ಟರನ್ನು ಕೇಳಿ.

ಮಲಗಿದಷ್ಟೂ ತೊಡೆಯ ಸ್ನಾಯು ಕರಗುತ್ತದೆ, ಇಬ್ಬರಿಗೂ. ಕಾಲೂರಲು ಡಾಕ್ಟರ್ ಒಪ್ಪಿದ ದಿನವೇ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಶುರು ಮಾಡಿ. ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ತಗ್ಗಿನ ಕುರ್ಚಿ ಬೇಡ. ಕೀಲು ಬದಲಿಸಿದ್ದರೆ ಎಷ್ಟು ಬಗ್ಗಬಹುದು ಅಂತ ಮೊದಲೇ ಕೇಳಿಕೊಳ್ಳಿ. ಅಂಚಿಗೆ ಸರಿದು, ಕುರ್ಚಿಯ ಕೈ ಒತ್ತಿ ಏಳಲಿ. ನಿಂತು ಮೂರು ಎಣಿಸಲಿ. ಧೊಪ್ಪನೆ ಕೂರದೆ ಮೆಲ್ಲಗೆ ಇಳಿಯಲಿ. ತೊಡೆಗೆ ನಿಜವಾದ ಕೆಲಸ ಬೀಳುವುದು ಆಗಲೇ. ಐದಾರು ಸಲ, ದಿನಕ್ಕೆ ಎರಡು ಹೊತ್ತು. ನೀವು ಪಕ್ಕದಲ್ಲೇ ನಿಲ್ಲಿ, ಆದರೆ ತೋಳು ಹಿಡಿದು ಎಳೆಯಬೇಡಿ.

ಊಟದ ವಿಷಯದಲ್ಲಿ ನನಗೆ ಅಮ್ಮಂದಿರದ್ದೇ ಚಿಂತೆ. ಎಲ್ಲರಿಗೂ ಬಡಿಸಿ, ಕೊನೆಗೆ ಅನ್ನ ತಿಳಿಸಾರಲ್ಲೇ ಮುಗಿಸುತ್ತಾರೆ, ಅಲ್ವಾ? 50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು 6 ಗ್ರಾಂ ಅಷ್ಟೇ. ಅದಕ್ಕೇ ಕಾಳು, ಮೊಸರು, ಮೊಟ್ಟೆಯನ್ನು ಮೂರೂ ಹೊತ್ತಿಗೆ ಹಂಚಿ ಕೊಡಿ. ರಾಗಿಮುದ್ದೆಯೂ ಇರಲಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಡಾಕ್ಟರ್ ಹೇಳಿದಷ್ಟೇ ಕೊಡಿ.